ಆಲೂಗಡ್ಡೆ ತೇಲಿತು, ಕಲಿಕಾ ಫಲವೂ ಸಿಕ್ಕಿತು

ಸರ್ಕಾರಿ ಶಾಲೆಯಲ್ಲಿ 5ನೇ ತರಗತಿಗೆ ಪರಿಸರ ಅಧ್ಯಯನ ಹೇಳಿಕೊಡುತ್ತೇನೆ. ಚಟುವಟಿಕೆ ಅಂದ್ರೆ ಮಕ್ಕಳಿಗೂ ಇಷ್ಟ, ನನಗೂ ಪ್ರಾಣ. ಆದರೆ ಕಳೆದ ವರ್ಷ ನನ್ನ ಪಾಠ ಯೋಜನೆ ನೋಡಿದವರೊಬ್ಬರು, "ಇದರಿಂದ ಯಾವ ಕಲಿಕಾ ಫಲ ಬಂತು ಮೇಡಂ?" ಅಂತ ಕೇಳಿದಾಗ ಉತ್ತರ ಹೊಳೆಯಲಿಲ್ಲ. ಕಲಿಕಾ ಫಲ ಅಂದ್ರೆ ಪಾಠ ಕಲಿತ ಮೇಲೆ ಮಗು ಏನು ಮಾಡಬಲ್ಲದು ಅನ್ನುವುದು. ಮೊದಲು ಪ್ರಯೋಗ ಮಾಡಿಸಿ, ಆಮೇಲೆ ದಾಖಲೆಗೆ ಸುಮ್ನೆ ಒಂದು ಫಲ ಹುಡುಕಿ ಬರೆಯುತ್ತಿದ್ದೆ. ತಪ್ಪು ಅಲ್ಲೇ ಇತ್ತು.

ಈ ಸಲ ಉಲ್ಟಾ ಮಾಡಿದೆ. ಎನ್‌ಸಿಇಆರ್‌ಟಿ (ಶಾಲಾ ಪಠ್ಯ ರೂಪಿಸುವ ಕೇಂದ್ರ ಸಂಸ್ಥೆ) 2017ರಲ್ಲಿ ತಂದ ಕಲಿಕಾ ಫಲಗಳನ್ನು ಎದುರಿಗಿಟ್ಟುಕೊಂಡು, ಮಗು ಏನು ಮಾಡಬೇಕು ಅನ್ನುವ ಪದಗಳಿಗೆ ಮಾತ್ರ ಗೆರೆ ಎಳೆದೆ. ತೇಲುವುದು, ಮುಳುಗುವುದರ ಬಗ್ಗೆ ಇರುವುದು ಎರಡು ಕೆಲಸ: ಊಹಿಸಬೇಕು, ಸರಳ ಸಾಧನದಿಂದ ಪರೀಕ್ಷಿಸಬೇಕು. ನನ್ನ ಹಳೇ ಪಾಠದಲ್ಲಿ ಊಹೆಗೆ ಜಾಗವೇ ಇರಲಿಲ್ಲ. ನಾನೇ ಮಾಡಿ ತೋರಿಸಿಬಿಡುತ್ತಿದ್ದೆ.

ಈಗ ನೋಟ್‌ಬುಕ್ಕಿನಲ್ಲಿ 3 ಕಾಲಂ: ನನ್ನ ಊಹೆ, ನೋಡಿದ್ದು, ಯಾಕೆ. ಊಹೆ ಬರೆಯುವವರೆಗೂ ಲೋಟ ಮುಟ್ಟುವ ಹಾಗಿಲ್ಲ. ಬಿಸಿಯೂಟದ ಅಡುಗೆಮನೆಯಿಂದ ಆಲೂಗಡ್ಡೆ, ಉಪ್ಪು ತಂದೆವು. ತುಂಡು ನೀರಿನಲ್ಲಿ ಮುಳುಗಿತು. ಒಂದೊಂದೇ ಚಮಚ ಉಪ್ಪು ಕರಗಿಸುತ್ತಾ ಹೋದರು. 4 ಚಮಚಕ್ಕೂ ಅಲ್ಲಾಡಲಿಲ್ಲ. 6ನೇ ಚಮಚಕ್ಕೆ ತುಂಡು ಮೆಲ್ಲಗೆ ಮೇಲೆದ್ದಿತು. "ಉಪ್ಪು ನೀರು ಭಾರ ಆಯ್ತು ಮಿಸ್, ಅದಕ್ಕೇ ಎತ್ತಿಬಿಡ್ತು" ಎಂದಳು ಹಿಂದಿನ ಸಾಲಿನ ಹುಡುಗಿ. ಜಾಸ್ತಿ ಮಾತಾಡದ ಮಗು ಅದು. ನನಗೆ ಕಣ್ಣು ತುಂಬಿ ಬಂತು.

ರೂಪಣಾತ್ಮಕ ಮೌಲ್ಯಮಾಪನಕ್ಕೆ, ಅಂದ್ರೆ ಪಾಠ ನಡೆಯುತ್ತಿರುವಾಗಲೇ ಮಕ್ಕಳ ಕಲಿಕೆ ಅಳೆಯುವುದಕ್ಕೆ, ಆ ಹಾಳೆಗಳನ್ನೇ ಇಟ್ಟುಕೊಂಡೆ. ಊಹೆ ತಪ್ಪಾದರೂ ಅಂಕ ಕಡಿತವಿಲ್ಲ, ಅಳಿಸಬೇಡಿ ಅಂತ ಮೊದಲೇ ಹೇಳಿದ್ದೆ. ಯಾರು ಊಹಿಸಿದರು, ಯಾರು ಕಾರಣದವರೆಗೆ ಬಂದರು ಅಂತ ಈಗ ಒಂದೊಂದು ಹೆಸರಿನ ಮುಂದೆ ತೋರಿಸಬಲ್ಲೆ. ಮುಂದಿನ ವಾರ ಮೊಳಕೆ ಕಾಳು, ಅದೇ 3 ಕಾಲಂ.