ಸಂಸತ್ತಿನಲ್ಲಿ ಸರ್ಕಾರ ಕೊಟ್ಟ ಉತ್ತರವನ್ನು ಓದುವುದು ಹೇಗೆ?

ಸದನದ ಗದ್ದಲ ಟಿ.ವಿ.ಯಲ್ಲಿ ಕಾಣುತ್ತದೆ. ಸರ್ಕಾರದಿಂದ ಲೆಕ್ಕ ಕೇಳುವ ಕೆಲಸ ಮಾತ್ರ ಬಹುಪಾಲು ಕಾಗದದ ಮೇಲೆ ನಡೆಯುತ್ತದೆ. ವಸತಿ, ನ್ಯಾಯ, ಶಿಕ್ಷಣದಲ್ಲಿ ಕೇಂದ್ರ ಏನು ಮಾಡಿದೆ ಎಂದು ತಿಳಿಯಬೇಕಾದವರು ಸಂಸತ್ತಿನ ಜಾಲತಾಣದಲ್ಲಿರುವ ಆ ಕಾಗದಗಳನ್ನೇ ಓದಬೇಕು.

ಪ್ರಶ್ನೋತ್ತರದಿಂದ ಆರಂಭಿಸಿ. ಲೋಕಸಭೆಯಲ್ಲಿ ದಿನಕ್ಕೆ 20 ಚುಕ್ಕೆ ಗುರುತಿನ ಪ್ರಶ್ನೆಗಳಿರುತ್ತವೆ; ಇವಕ್ಕೆ ಸಚಿವರು ಎದ್ದು ನಿಂತು ಉತ್ತರಿಸಬೇಕು, ಉಪಪ್ರಶ್ನೆಗಳನ್ನೂ ಎದುರಿಸಬೇಕು. ಚುಕ್ಕೆ ಗುರುತಿಲ್ಲದ 230 ಪ್ರಶ್ನೆಗಳಿಗೆ ಲಿಖಿತ ಉತ್ತರ. ಅಂಕಿಅಂಶ ಬೇಕಿದ್ದರೆ ಇವನ್ನೇ ಹಿಡಿಯಿರಿ. ರಾಜ್ಯವಾರು ಪಟ್ಟಿ ಹೆಚ್ಚಾಗಿ ಅನುಬಂಧದಲ್ಲಿ ಅಡಗಿರುತ್ತದೆ.

ಓದುವಾಗ ಕಾಲಂಗಳ ತಲೆಬರಹದ ಮೇಲೆ ಕಣ್ಣಿರಲಿ. ನಗರ ಪ್ರದೇಶದ ಪ್ರಧಾನ ಮಂತ್ರಿ ಆವಾಸ್ ಯೋಜನೆಯ ಪಟ್ಟಿಯಲ್ಲಿ ‘ಮಂಜೂರಾದ’, ‘ಕಾಮಗಾರಿ ಆರಂಭವಾದ’, ‘ಪೂರ್ಣಗೊಂಡ’ ಮನೆಗಳು ಬೇರೆಬೇರೆಯಾಗಿ ಇರುತ್ತವೆ. ಭಾಷಣಕ್ಕೆ ಒದಗುವುದು ಮೊದಲ ಸಂಖ್ಯೆ. ಹಾಲುಕ್ಕಿಸಲು ಸಾಧ್ಯವಾಗುವುದು ಕೊನೆಯದರಲ್ಲಿ ಮಾತ್ರ. ಕೆಳ ನ್ಯಾಯಾಲಯಗಳ ಖಾಲಿ ಹುದ್ದೆಯ ಬಗ್ಗೆ ಕೇಳಿದರೆ ‘ಅದು ಹೈಕೋರ್ಟ್ ಮತ್ತು ರಾಜ್ಯ ಸರ್ಕಾರಗಳ ಹೊಣೆ’ ಎಂಬ ಸಾಲು, ಶಾಲೆಗಳ ಬಗ್ಗೆ ಕೇಳಿದರೆ ‘ಶಿಕ್ಷಣ ಸಮವರ್ತಿ ಪಟ್ಟಿಯಲ್ಲಿದೆ’ (ಅಂದರೆ ಕೇಂದ್ರ, ರಾಜ್ಯ ಎರಡೂ ಕಾನೂನು ಮಾಡಬಹುದಾದ ವಿಷಯ) ಎಂಬ ಸಾಲು ಮತ್ತೆ ಮತ್ತೆ ಎದುರಾಗುತ್ತದೆ. ಎರಡೂ ಸುಳ್ಳಲ್ಲ. ಆದರೆ ಅದರ ಬೆನ್ನಿಗೆ ಕೇಂದ್ರ ಕೊಟ್ಟ ಹಣದ ಅಂಕಿ ಇಲ್ಲದಿದ್ದರೆ ಅದನ್ನು ಜಾರಿಕೆಯ ಉತ್ತರವೆಂದೇ ನಾನು ಎಣಿಸುತ್ತೇನೆ.

‘ಮಾಹಿತಿ ಸಂಗ್ರಹಿಸಿ ಸದನದಲ್ಲಿ ಮಂಡಿಸಲಾಗುವುದು’ ಎಂದಿದ್ದರೆ ಅದು ಭರವಸೆಯಾಗಿ ದಾಖಲಾಗುತ್ತದೆ. ಮೂರು ತಿಂಗಳೊಳಗೆ ಈಡೇರಿಸಬೇಕು. ಇಲ್ಲದಿದ್ದರೆ ಸರ್ಕಾರಿ ಭರವಸೆಗಳ ಸಮಿತಿ ಬೆನ್ನು ಹತ್ತುತ್ತದೆ.

ಮುಂದಿನದು ಸಚಿವಾಲಯಗಳ ಕೆಲಸವನ್ನು ಪರಿಶೀಲಿಸುವ, ಇಲಾಖಾವಾರು ಸ್ಥಾಯಿ ಸಮಿತಿಗಳು. ಇವು 24, ಒಂದೊಂದರಲ್ಲೂ ಉಭಯ ಸದನಗಳ 31 ಸದಸ್ಯರು. ನಗರ ವಸತಿ ಒಂದು ಸಮಿತಿಯಲ್ಲಿ, ಗ್ರಾಮೀಣ ವಸತಿ ಗ್ರಾಮೀಣಾಭಿವೃದ್ಧಿ ಸಮಿತಿಯಲ್ಲಿ, ಹುಡುಕುವಾಗ ಮರೆಯಬೇಡಿ. ಸಚಿವಾಲಯ ಬಜೆಟ್‌ನಲ್ಲಿ ಕೇಳಿದ ಹಣವನ್ನು ಸಮಿತಿ ಪರಿಶೀಲಿಸುವ ‘ಅನುದಾನ ಬೇಡಿಕೆಗಳ’ ವರದಿಯಲ್ಲಿ ಬಜೆಟ್ ಅಂದಾಜು, ಪರಿಷ್ಕೃತ ಅಂದಾಜು, ನಿಜವಾದ ವೆಚ್ಚ ಮೂರನ್ನೂ ಹೋಲಿಸಿ.

ಎಲ್ಲಕ್ಕಿಂತ ಬೆಲೆಯುಳ್ಳದ್ದು ‘ಕೈಗೊಂಡ ಕ್ರಮ’ದ ವರದಿ, ಅಂದರೆ ಸಮಿತಿಯ ಹಿಂದಿನ ಶಿಫಾರಸುಗಳಿಗೆ ಸರ್ಕಾರ ಕೊಟ್ಟ ಉತ್ತರದ ಮೇಲೆ ಸಮಿತಿ ಬರೆಯುವ ವರದಿ. ಶಿಫಾರಸನ್ನು ಸರ್ಕಾರ ಒಪ್ಪಲೇಬೇಕೆಂದಿಲ್ಲ, ಉತ್ತರವನ್ನಂತೂ ಕೊಡಬೇಕು. ಲೋಕಸಭೆಯ ಸಮಿತಿಗಳ ವರದಿಯಲ್ಲಿ ಸಾಮಾನ್ಯವಾಗಿ ನಾಲ್ಕನೆಯ ಅಧ್ಯಾಯಕ್ಕೆ ನೇರವಾಗಿ ಹೋಗಿ: ಸರ್ಕಾರದ ಉತ್ತರವನ್ನು ಸಮಿತಿ ತಿರಸ್ಕರಿಸಿದ ಅಂಶಗಳು ಅಲ್ಲಿರುತ್ತವೆ. ಆಳುವ ಪಕ್ಷದ ಸಂಸದರೂ ಕುಳಿತ ಸಮಿತಿಯೇ ಹೀಗೆ ಹೇಳಿದೆ ಎಂದರೆ ವಿರೋಧ ಪಕ್ಷದ ಹತ್ತು ಭಾಷಣಗಳಿಗಿಂತ ಅದಕ್ಕೆ ತೂಕ ಹೆಚ್ಚು.

ಅಲ್ಲಿಂದ ಒಂದು ಅಂಶ ಆರಿಸಿ, ಪ್ರಶ್ನೆಯಾಗಿ ಕೇಳುವಂತೆ ನಿಮ್ಮ ಸಂಸದರಿಗೆ ಬರೆಯಿರಿ. ಪ್ರಶ್ನೆಗೆ ಕನಿಷ್ಠ 15 ದಿನ ಮೊದಲು ಸೂಚನೆ ಕೊಡಬೇಕು. ಅಧಿವೇಶನದ ದಿನಾಂಕ ಪ್ರಕಟವಾದ ಕೂಡಲೇ ಪತ್ರ ಹೋಗಲಿ.