ಶ್ರೀರಂಗಪಟ್ಟಣದಲ್ಲಿ ಒಂದು ದಿನದ ಪಾಠ: ಹಕ್ಕಿಗೂ ಕೋಟೆಗೂ ಒಂದೇ ಹೊಳೆ

ಮಕ್ಕಳನ್ನು ಮನೆಯಲ್ಲೇ ಓದಿಸುವ ಮೈಸೂರಿನ ನಾಲ್ಕಾರು ಕುಟುಂಬಗಳು ಸೇರಿ ‘ಎಲ್ಲಾದರೂ ಹೋಗೋಣ್ವಾ?’ ಎಂದು ಮಾತಾಡಿಕೊಂಡರೆ ಸಾಮಾನ್ಯವಾಗಿ ಪಟ್ಟಿ ಹೀಗಿರುತ್ತದೆ: ಅರಮನೆ, ಜೂ, ಚಾಮುಂಡಿ ಬೆಟ್ಟ, ಸಂಜೆ ಬೃಂದಾವನ. ಸಂಜೆ ಹೊತ್ತಿಗೆ ಮಕ್ಕಳಿಗೆ ಸುಸ್ತು, ದೊಡ್ಡವರಿಗೆ ತಲೆನೋವು. ಏನು ನೋಡಿದಿರಿ ಅಂತ ಕೇಳಿದರೆ ಐಸ್‌ಕ್ರೀಮಿನ ಹೆಸರು ಹೇಳುತ್ತಾರೆ.

ಒಂದು ದಿನಕ್ಕೆ ಒಂದು ಊರು ಸಾಕು. ಒಂದು ಪ್ರಶ್ನೆಯೂ ಸಾಕು. ಊರು ಶ್ರೀರಂಗಪಟ್ಟಣ. ಪ್ರಶ್ನೆ: ಸುತ್ತ ನೀರಿದ್ದರೆ ಏನು ಲಾಭ, ಏನು ತೊಂದರೆ?

ಕಾವೇರಿ ಇಲ್ಲಿ ಎರಡಾಗಿ ಒಡೆದು ಮತ್ತೆ ಕೂಡುತ್ತಾಳೆ. ನಡುವಿನ ದ್ವೀಪ ಸುಮಾರು 3 ಮೈಲಿ ಉದ್ದ. ಅದರ ಮೇಲೆ ರಾಜರು ಕೋಟೆ ಕಟ್ಟಿದರು. ಪಕ್ಕದಲ್ಲೇ ಇರುವ ರಂಗನತಿಟ್ಟಿನ ಪುಟ್ಟ ಪುಟ್ಟ ನಡುಗಡ್ಡೆಗಳಲ್ಲಿ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಇಬ್ಬರ ಲೆಕ್ಕಾಚಾರವೂ ಒಂದೇ: ಶತ್ರು ನೀರು ದಾಟಿ ಬರಬೇಕು. ಹೊಳೆ ಬತ್ತಿದಾಗ ಕೋಟೆಗೆ ಕಷ್ಟ ಬಂತು. ಹೊಳೆ ಉಕ್ಕಿದಾಗ ಗೂಡಿಗೆ ಕಷ್ಟ ಬರುತ್ತದೆ. ಇತಿಹಾಸ ಬೇರೆ, ವಿಜ್ಞಾನ ಬೇರೆ ಅಂತ ಪುಸ್ತಕ ಬದಲಾಯಿಸುವ ಗೋಜು ಇಲ್ಲಿಲ್ಲ.

ದಿನ ಗೊತ್ತುಮಾಡುವುದು

ಫೆಬ್ರುವರಿ ಒಳ್ಳೆಯ ತಿಂಗಳು. ಹೊಳೆಯಲ್ಲಿ ನೀರು ಇಳಿದು ಬಂಡೆಗಳು ಕಾಣುತ್ತವೆ, ಗೂಡು ಕಟ್ಟುವ ಗಡಿಬಿಡಿ ಜೋರಾಗಿರುತ್ತದೆ, ಬಿಸಿಲು ಇನ್ನೂ ಏರಿರುವುದಿಲ್ಲ. ಮಳೆಗಾಲದಲ್ಲಿ ಕೆಆರ್‌ಎಸ್‌ನಿಂದ ನೀರು ಬಿಟ್ಟರೆ ರಂಗನತಿಟ್ಟಿನಲ್ಲಿ ದೋಣಿ ನಿಲ್ಲಿಸುತ್ತಾರೆ. ಆಗ ಹೋದರೆ ದುಡ್ಡು ದಂಡ.

ಭಾನುವಾರ ಬೇಡವೇ ಬೇಡ. ವಾರದ ಮಧ್ಯೆ ಹೋಗಬಹುದು ಅನ್ನುವುದೇ ಮನೆಪಾಠದವರ ದೊಡ್ಡ ಅನುಕೂಲ, ಅದನ್ನು ಬಿಟ್ಟುಕೊಡಬೇಡಿ. ‘ಯಾಕೆ, ಇವತ್ತು ಸ್ಕೂಲಿಲ್ವಾ?’ ಅಂತ ಟಿಕೆಟ್ ಕೌಂಟರಿನಲ್ಲಿ, ಬಸ್ಸಿನಲ್ಲಿ ಕೇಳಿಯೇ ಕೇಳುತ್ತಾರೆ. ಉತ್ತರವನ್ನು ಮಕ್ಕಳಿಗೇ ಬಿಡಿ. ಅವರು ಚೆನ್ನಾಗಿಯೇ ನಿಭಾಯಿಸುತ್ತಾರೆ. ಶುಕ್ರವಾರವನ್ನೂ ತಪ್ಪಿಸಿ. ಪುರಾತತ್ವ ಇಲಾಖೆಯ ಮ್ಯೂಸಿಯಂಗಳಿಗೆ ಸಾಮಾನ್ಯವಾಗಿ ಅವತ್ತು ರಜೆ. ಅದೇ ಇಲಾಖೆಯ ಸ್ಮಾರಕಗಳಿಗೆ 15 ವರ್ಷದ ಒಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ.

ಐದಾರು ಕುಟುಂಬ, ಹದಿನೈದು ಮಕ್ಕಳು. ಅದಕ್ಕಿಂತ ಜಾಸ್ತಿಯಾದರೆ ಅದು ಪಾಠವಲ್ಲ, ಮದುವೆ ದಿಬ್ಬಣ.

ಚೀಲಕ್ಕೆ ಏನೇನು

ಪ್ರತಿ ಮಗುವಿಗೆ ಒಂದು ನೋಟ್‌ಬುಕ್, ಪೆನ್ಸಿಲ್, ಟೋಪಿ, ನೀರು. ಗುಂಪಿಗೆ ಎರಡು ಬೈನಾಕ್ಯುಲರ್, ಟೇಪು, ಗೋಡೆಗೆ ನೇತುಹಾಕುವ ಸಾದಾ ಥರ್ಮಾಮೀಟರ್. ಅಗಲವಾದ ಒಂದು ಪ್ಲಾಸ್ಟಿಕ್ ಟ್ರೇ, ಅರ್ಧ ಚೀಲ ಜೇಡಿಮಣ್ಣು, ಸ್ವಲ್ಪ ಮರಳು, ಒಂದು ಮಗ್ಗು, ಒಂದು ಇಟ್ಟಿಗೆ. ಅಡುಗೆಮನೆಯಿಂದ ಇಕ್ಕಳ, ಚಮಚ, ಬಟ್ಟೆ ಕ್ಲಿಪ್, ಚೂಪಾದ ಬಿದಿರು ಕಡ್ಡಿ. ಊಟಕ್ಕೆ ಚಿತ್ರಾನ್ನ, ಮೊಸರನ್ನ ಕಟ್ಟಿಸಿಕೊಳ್ಳಿ.

ಬೆಳಿಗ್ಗೆ: ರಂಗನತಿಟ್ಟು

ಬಾಗಿಲು ತೆಗೆಯುವ ಹೊತ್ತಿಗೇ ಅಲ್ಲಿರಿ. ಮಕ್ಕಳಿಗೆ ಪೀಠಿಕೆ ಇಷ್ಟು ಸಾಕು: ಈ ನಡುಗಡ್ಡೆಗಳು ಈಗಿನ ರೂಪಕ್ಕೆ ಬಂದದ್ದು ಒಂದು ಒಡ್ಡಿನಿಂದ. ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, 1645ರಿಂದ 1648ರ ನಡುವೆ, ಹೊಳೆಗೆ ಅಡ್ಡಲಾಗಿ ಒಡ್ಡು ಕಟ್ಟಿದರು. ನೀರು ಹಿಂದಕ್ಕೆ ನಿಂತಿತು, ಎತ್ತರದ ಜಾಗ ಮಾತ್ರ ಮೇಲೆ ಉಳಿಯಿತು. ಹಕ್ಕಿಗಳು ಬಂದು ಸೇರಿಕೊಂಡವು. ಪಕ್ಷಿತಜ್ಞ ಸಲೀಂ ಅಲಿ ಇದನ್ನು ಕಂಡು ಸಲಹೆ ಕೊಟ್ಟ ಮೇಲೆ 1940ರಲ್ಲಿ ಪಕ್ಷಿಧಾಮವಾಯಿತು. 2022ರಲ್ಲಿ ಮಹತ್ವದ ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ಪಟ್ಟಿಯಾದ ರಾಮ್ಸಾರ್‌ಗೂ ಸೇರಿತು.

ದೋಣಿಯಲ್ಲಿ ಕೂತಾಗ ಹಕ್ಕಿಗಳ ಹೆಸರು ಬಾಯಿಪಾಠ ಮಾಡಿಸಬೇಡಿ. ಕೊಕ್ಕು ನೋಡಲು ಹೇಳಿ, ಅಷ್ಟೇ. ಬಾಯ್ಕಳಕ ಕೊಕ್ಕರೆಯ ಕೊಕ್ಕು ಮುಚ್ಚಿದರೂ ನಡುವೆ ಸಂದು ಉಳಿಯುತ್ತದೆ. ಅದರ ಮುಖ್ಯ ಊಟ ಬಸವನಹುಳು. ಚಮಚದ ಕೊಕ್ಕಿನ ಹಕ್ಕಿ ನೀರಿನಲ್ಲಿ ತಲೆಯನ್ನು ಆ ಕಡೆ ಈ ಕಡೆ ಬೀಸುತ್ತ ನಡೆಯುತ್ತದೆ. ಹಾವಕ್ಕಿ ಮೀನನ್ನು ಚುಚ್ಚಿ ಹಿಡಿಯುತ್ತದೆ. ಹೆಜ್ಜಾರ್ಲೆಗೆ (ಪೆಲಿಕನ್) ಕೊಕ್ಕಿನ ಕೆಳಗೊಂದು ಚೀಲವೇ ಇದೆ. ನೀರುಕಾಗೆ ಬಂಡೆಯ ಮೇಲೆ ರೆಕ್ಕೆ ಹರಡಿಕೊಂಡು ಯಾಕೆ ನಿಂತಿದೆ ಅಂತ ಯಾರಾದರೂ ಕೇಳುತ್ತಾರೆ. ಅದರ ಗರಿ ನೀರು ಹೀರುತ್ತದೆ, ಮುಳುಗಿ ಮೀನು ಹಿಡಿಯಲು ಅದೇ ಅನುಕೂಲ. ಆಮೇಲೆ ಒಣಗಿಸಿಕೊಳ್ಳಬೇಕು.

ಮೊಸಳೆ ಕಂಡ ಕೂಡಲೇ ಹಕ್ಕಿ ಪಾಠ ಮುಗಿಯಿತು ಎಂದುಕೊಳ್ಳಿ. ಮಕ್ಕಳು ಬೇರೆ ಯಾವುದನ್ನೂ ನೋಡುವುದಿಲ್ಲ. ತೊಂದರೆಯಿಲ್ಲ, ಅದಕ್ಕೂ ಒಂದು ಪ್ರಶ್ನೆ ಕೊಡಿ: ಬಿಸಿಲಿಗೆ ಬಾಯಿ ತೆರೆದು ಮಲಗಿರುವುದು ಯಾಕೆ? ಮೈಯ ಬಿಸಿ ಹದದಲ್ಲಿಟ್ಟುಕೊಳ್ಳುವ ಉಪಾಯ ಅದು.

ದೋಣಿ ಇಳಿದ ಮೇಲೆ ದಡದ ಬೆಂಚಿನಲ್ಲಿ ಹತ್ತು ನಿಮಿಷ ಕೂರಿಸಿ. ಒಂದೇ ಮರ. ಅದರಲ್ಲಿ ಎಷ್ಟು ಗೂಡು, ಯಾವ ಹಕ್ಕಿ ಮೇಲಿನ ಕೊಂಬೆಯಲ್ಲಿ, ಯಾವುದು ಕೆಳಗೆ, ಕಡ್ಡಿ ತರುವುದು ಯಾರು. ಚಿಕ್ಕವರು ಎಣಿಸಲಿ, ದೊಡ್ಡವರು ಬರೆದುಕೊಳ್ಳಲಿ. ಈ ಹತ್ತು ನಿಮಿಷ ದೋಣಿಗಿಂತ ಜಾಸ್ತಿ ಕಲಿಸುತ್ತದೆ.

ಕೊಕ್ಕಿನ ಆಟ ಪಕ್ಷಿಧಾಮದ ಹೊರಗೆ ಬಂದ ಮೇಲೆ. ಒಂದು ಬೋಗುಣಿ ನೀರಿಗೆ ಹೆಸರುಕಾಳು, ದಾರದ ತುಂಡು, ತೇಲುವ ಎಲೆಚೂರು ಹಾಕಿ. ಒಬ್ಬರಿಗೆ ಇಕ್ಕಳ, ಒಬ್ಬರಿಗೆ ಚಮಚ, ಒಬ್ಬರಿಗೆ ಕ್ಲಿಪ್ಪು, ಒಬ್ಬರಿಗೆ ಕಡ್ಡಿ. ಅರ್ಧ ನಿಮಿಷದಲ್ಲಿ ಯಾರು ಏನು ಎತ್ತಿದರು ಎಂದು ಬರೆದುಕೊಳ್ಳಿ. ಒಂದೇ ಕೆರೆಯಲ್ಲಿ ಇಷ್ಟು ಬಗೆಯ ಹಕ್ಕಿಗಳು ಜಗಳವಿಲ್ಲದೆ ಹೇಗೆ ಉಣ್ಣುತ್ತವೆ ಎನ್ನುವುದು ಅವರಿಗೇ ಹೊಳೆಯುತ್ತದೆ.

ಟ್ರೇಯಲ್ಲಿ ಕಾವೇರಿ

ಇಡೀ ದಿನದ ಜೀವ ಇದು. ಬೇರೆ ಏನು ಬಿಟ್ಟರೂ ಇದನ್ನು ಬಿಡಬೇಡಿ. ಊಟಕ್ಕೆ ಕೂತ ಮರದ ನೆರಳಲ್ಲೇ ಮಾಡಬಹುದು. ಸ್ಮಾರಕಗಳ ಹುಲ್ಲುಹಾಸಿನ ಮೇಲೆ ಮಾತ್ರ ಬೇಡ.

ಟ್ರೇಗೆ ಮಣ್ಣು, ಮರಳು ಕಲಸಿ ಒತ್ತಿ. ಒಂದು ತುದಿಗೆ ಇಟ್ಟಿಗೆ ಕೊಟ್ಟು ಇಳಿಜಾರು ಮಾಡಿ. ಬೆರಳಿನಿಂದ ಹೊಳೆ ಕೊರೆಯಿರಿ. ಮಧ್ಯದಲ್ಲಿ ಉದ್ದನೆಯ ಒಂದು ದಿಬ್ಬ ಬಿಡಿ, ಅದು ಶ್ರೀರಂಗಪಟ್ಟಣ. ಮೇಲಿನಿಂದ ನಿಧಾನವಾಗಿ ನೀರು ಸುರಿದರೆ ಹೊಳೆ ಒಡೆಯುತ್ತದೆ, ಕೆಳಗೆ ಕೂಡುತ್ತದೆ. ಕೂಡುವ ಜಾಗ ಸಂಗಮ.

ಈಗ ದಿಬ್ಬಕ್ಕಿಂತ ಮೇಲೆ, ಹೊಳೆಯ ತಳದಲ್ಲಿ ಮೂರು ನಾಲ್ಕು ಸಣ್ಣ ಗುಪ್ಪೆ ಇಡಿ, ಒಂದೊಂದು ಒಂದೊಂದು ಎತ್ತರಕ್ಕೆ. ಅವುಗಳ ಕೆಳಗೆ ಕಲ್ಲು ಜೋಡಿಸಿ ಜೇಡಿಮಣ್ಣು ಮೆತ್ತಿ ಒಡ್ಡು ಕಟ್ಟಲಿ. ನೀರು ಬಿಟ್ಟರೆ ಗುಪ್ಪೆಗಳ ತಲೆ ಮಾತ್ರ ಕಾಣುತ್ತದೆ. ಬೆಳಿಗ್ಗೆ ದೋಣಿಯಲ್ಲಿ ಸುತ್ತಿದ್ದು ಇದನ್ನೇ. ಪ್ರತಿ ತಲೆಯ ಮೇಲೆ ಒಣಹುಲ್ಲಿನ ಗೂಡು ಇಡಿಸಿ. ಆಮೇಲೆ ಮಗ್ಗು ತುಂಬ ನೀರು ಒಂದೇ ಸಲ ಸುರಿಯಿರಿ. ತಗ್ಗಿನ ಗೂಡು ಮೊದಲು ಹೋಗುತ್ತದೆ. ಅಣೆಕಟ್ಟಿನಿಂದ ಜಾಸ್ತಿ ನೀರು ಬಿಟ್ಟ ವರ್ಷಗಳಲ್ಲಿ ರಂಗನತಿಟ್ಟಿನಲ್ಲಿ ಆಗುವುದೂ ಇದೇ.

ಇನ್ನು ನೀರು ಸುರಿಯುವುದು ನಿಲ್ಲಿಸಿ. ಹೊಳೆ ಇಳಿಯಲಿ. ಕೋಟೆ ದಿಬ್ಬದ ಪಕ್ಕ ಮರಳು ಎದ್ದು ಕಾಣುವಾಗ ಕಥೆ ಹೇಳಿ.

1791ರ ಮೇ ತಿಂಗಳು. ಟಿಪ್ಪುವಿನ ಮೇಲೆ ಯುದ್ಧಕ್ಕೆ ಬಂದಿದ್ದ ಇಂಗ್ಲಿಷ್ ಸೇನಾಪತಿ ಕಾರ್ನ್‌ವಾಲಿಸನ ದಂಡು ಅರಕೆರೆಯ ಹತ್ತಿರ ಗೆದ್ದು ಕೋಟೆಯ ಸಮೀಪಕ್ಕೇ ಬಂದಿತ್ತು. ಆದರೆ ಮಳೆ ಹಿಡಿಯಿತು, ಹೊಳೆ ಏರಿತು. ದವಸ ಮುಗಿದಿತ್ತು, ಫಿರಂಗಿ ಎಳೆಯುವ ಎತ್ತುಗಳು ಸತ್ತಿದ್ದವು. ಭಾರಿ ಫಿರಂಗಿಗಳನ್ನು ತಾವೇ ಕೆಡಿಸಿ ಹಿಂದಕ್ಕೆ ಹೋದರು. 1799ರಲ್ಲಿ ಇಂಗ್ಲಿಷರು ಆ ಪಾಠ ಮರೆಯಲಿಲ್ಲ. ಏಪ್ರಿಲ್‌ನಲ್ಲಿ ಮುತ್ತಿಗೆ ಹಾಕಿ, ಮಳೆಗೆ ಮುಂಚೆ ಮುಗಿಸಲೇಬೇಕೆಂದು ಹಟ ಹಿಡಿದರು. ಮೇ 4ರಂದು ಮಧ್ಯಾಹ್ನ ಒಂದರ ಸುಮಾರಿಗೆ, ಬಿಸಿಲಿನ ಹೊತ್ತಿನಲ್ಲಿ, ಸೈನಿಕರು ಹೊಳೆಯೊಳಗೆ ನಡೆದುಕೊಂಡೇ ದಾಟಿದರು. ಫಿರಂಗಿ ಹೊಡೆತಕ್ಕೆ ಗೋಡೆಯಲ್ಲಿ ಬಿದ್ದ ಬಿರುಕಿನಿಂದ ಒಳನುಗ್ಗಿದರು. ಅವರ ಮುಂದಾಳು ಡೇವಿಡ್ ಬೇರ್ಡ್ ಹಿಂದೊಮ್ಮೆ ಇದೇ ಊರಿನಲ್ಲಿ ಸೆರೆಯಾಳಾಗಿದ್ದವನು. ಅವತ್ತೇ ಟಿಪ್ಪು ಸತ್ತದ್ದು. ಮೀರ್ ಸಾದಿಕನ ದ್ರೋಹದ ಕಥೆ ಎಲ್ಲರಿಗೂ ಗೊತ್ತು. ಬತ್ತಿದ ಹೊಳೆಯ ಕಥೆಯನ್ನು ಹೇಳುವವರು ಕಡಿಮೆ.

ಟಿಪ್ಪು ಅಂದಕೂಡಲೇ ದೊಡ್ಡವರ ನಡುವೆ ವಾದ ಶುರುವಾಗುವುದುಂಟು. ಅದನ್ನು ಕಾಫಿ ಹೊತ್ತಿಗೆ ಇಟ್ಟುಕೊಳ್ಳಿ. ಮಕ್ಕಳು ಇವತ್ತು ಗೋಡೆ ಅಳೆಯಲು ಬಂದಿದ್ದಾರೆ.

ಮಧ್ಯಾಹ್ನ: ಕೋಟೆ

ಮೊದಲು ಪ್ರತಿಯೊಬ್ಬರೂ ಹತ್ತು ಹೆಜ್ಜೆ ನಡೆದು ಟೇಪಿನಲ್ಲಿ ಅಳೆದುಕೊಳ್ಳಲಿ. ಆಮೇಲೆ ಅವರ ಕಾಲೇ ಅಳತೆಗೋಲು. ಕಂದಕ ಎಷ್ಟು ಅಗಲ, ಗೋಡೆ ಎಷ್ಟು ದಪ್ಪ, ಹೊರಗೋಡೆ ದಾಟಿದ ಮೇಲೆ ಒಳಗೋಡೆ ಎಷ್ಟು ದೂರ. ಗೋಡೆ ಹತ್ತಬಾರದು, ಸೀಮೆಸುಣ್ಣದಲ್ಲಿ ಗುರುತು ಹಾಕಬಾರದು. ಕೋಟೆಯ ಪಶ್ಚಿಮ ತುದಿಯಲ್ಲಿ, ಬಿರುಕು ಬಿದ್ದ ಕಡೆ, ಒಂದು ಸ್ಮಾರಕ ಕಂಬವಿದೆ. ಅಲ್ಲಿಂದ ಹೊಳೆ ಕಾಣುತ್ತದೆ. ‘ನೀವು ಸೈನಿಕರಾದರೆ ಯಾವ ಬಂಡೆಯಿಂದ ಯಾವ ಬಂಡೆಗೆ ಹೋಗುತ್ತಿದ್ದಿರಿ?’ ಅಂತ ಕೇಳಿ, ನಕ್ಷೆ ಬರೆಸಿ. ನೋಡುವುದು ಮಾತ್ರ. ನೀರಿಗೆ ಯಾರೂ ಇಳಿಯಬಾರದು. ಈ ಹೊಳೆಯಲ್ಲಿ ಮಡುವಿದೆ, ಸುಳಿಯಿದೆ, ಮೊಸಳೆಯಿದೆ. ನೀರಿನ ಕಡೆಗೆ ಬೆನ್ನು ಕೊಟ್ಟು ಒಬ್ಬ ದೊಡ್ಡವರು ಸದಾ ನಿಂತಿರಲಿ.

ಇಂಗ್ಲಿಷ್ ಸೆರೆಯಾಳುಗಳನ್ನು ಇಡುತ್ತಿದ್ದ ಕರ್ನಲ್ ಬೇಲಿ ಸೆರೆಮನೆಗೆ ಥರ್ಮಾಮೀಟರ್ ಒಯ್ಯಿರಿ. ಹೊರಗಿನ ನೆರಳಲ್ಲಿ ಐದು ನಿಮಿಷ, ಒಳಗೆ ಐದು ನಿಮಿಷ. ಇಟ್ಟಿಗೆ, ಗಾರೆಯ ದಪ್ಪ ಕಮಾನು ಏನು ಮಾಡುತ್ತದೆ ಎಂದು ಮಕ್ಕಳೇ ಅಂಕಿಯಲ್ಲಿ ನೋಡುತ್ತಾರೆ.

ರೈಲು ಹಳಿಯ ಹತ್ತಿರದ ಆಯುಧಾಗಾರವನ್ನು ತಪ್ಪದೆ ತೋರಿಸಿ. ಜೋಡಿ ಹಳಿ ಹಾಕಲು ಅಡ್ಡವಾಗುತ್ತದೆಂದು 2017ರಲ್ಲಿ ಆ ಕಟ್ಟಡವನ್ನು ಒಡೆಯದೆ, ಇಡಿಯಾಗಿ ಎತ್ತಿ ಬೇರೆ ಕಡೆಗೆ ಸರಿಸಿದರು. ಮದ್ದಿನ ಮನೆಗಿಂತ ಮನೆ ನಡೆದುಹೋದ ಕಥೆಯೇ ಚಿಕ್ಕ ಮಕ್ಕಳಿಗೆ ಇಷ್ಟ.

ರಂಗನಾಥಸ್ವಾಮಿ ಗುಡಿಗೆ ದೇವರು ನೋಡಲು ಹೋಗಿ, ಪಾಠ ಹೇಳಲು ಬೇಡ.

ದರಿಯಾ ದೌಲತ್: ಗೋಡೆಯ ಮೇಲಿನ ಯುದ್ಧ

1784ರಲ್ಲಿ ಕಟ್ಟಿದ ಈ ತೇಗದ ಅರಮನೆಯ ಪಶ್ಚಿಮ ಗೋಡೆಯಲ್ಲಿ 1780ರ ಪೊಲ್ಲಿಲೂರು ಯುದ್ಧವಿದೆ. ಹೈದರ್, ಟಿಪ್ಪು ಎದುರು ಇಂಗ್ಲಿಷರು ಸೋತ ಯುದ್ಧ. ಮಕ್ಕಳಿಗೆ ಹುಡುಕುವ ಕೆಲಸ ಕೊಡಿ: ಪಲ್ಲಕ್ಕಿಯಲ್ಲಿ ಕೂತ ಇಂಗ್ಲಿಷ್ ದಂಡಿನ ಕರ್ನಲ್ ಬೇಲಿ ಎಲ್ಲಿ? ಸಿಡಿಯುತ್ತಿರುವ ಮದ್ದಿನ ಬಂಡಿ ಎಲ್ಲಿ? ಹನ್ನೆರಡು ದಾಟಿದವರಿಗೆ ಇನ್ನೊಂದು ಪ್ರಶ್ನೆ: ಚಿತ್ರ ಬರೆಸಿದ್ದು ಯಾರು? ಸೋತವರು ಬರೆಸಿದ್ದರೆ ಏನು ಬದಲಾಗುತ್ತಿತ್ತು? ಉತ್ತರವನ್ನು ಅರ್ಧ ಪುಟದ ಚಿತ್ರವಾಗಿ ಬರೆದು ತರಲಿ. 1799ರ ನಂತರ ಇಂಗ್ಲಿಷ್ ಸೇನಾಧಿಕಾರಿ ಆರ್ಥರ್ ವೆಲ್ಲೆಸ್ಲಿ ಇದೇ ಅರಮನೆಯಲ್ಲಿ ವಾಸವಿದ್ದ ಎಂದು ಹೇಳಿದರೆ ಮಾತು ಇನ್ನಷ್ಟು ಬೆಳೆಯುತ್ತದೆ.

ರಾಕೆಟ್ಟಿನ ಪ್ರಸ್ತಾಪ ಬಂದೇ ಬರುತ್ತದೆ. ಮೈಸೂರಿನ ರಾಕೆಟ್ಟಿಗೆ ಕಬ್ಬಿಣದ ಕೊಳವೆ ಇತ್ತು. ಕಾಗದದ ಕೊಳವೆ ತಡೆಯದಷ್ಟು ಒತ್ತಡವನ್ನು ಅದು ತಡೆಯುತ್ತಿತ್ತು, ಅದಕ್ಕೇ ದೂರ ಹೋಗುತ್ತಿತ್ತು. ಮನೆಗೆ ಹೋಗಿ ದಾರಕ್ಕೆ ಸ್ಟ್ರಾ ಪೋಣಿಸಿ, ಸ್ಟ್ರಾಗೆ ಊದಿದ ಬಲೂನ್ ಅಂಟಿಸಿ ಬಿಡಿ. ಕಡಿಮೆ ಊದಿದ್ದು ಎಷ್ಟು ದೂರ, ಜಾಸ್ತಿ ಊದಿದ್ದು ಎಷ್ಟು ದೂರ ಎಂದು ಅಳೆಯಲಿ.

ನಾಲ್ಕು ಗಂಟೆಗೆ ಮುಗಿಸಿ. ಗುಂಬಜ್, ಸಂಗಮ, ಪೂರ್ಣಯ್ಯನವರ ಕಾಲದ 1804ರ ಕಲ್ಲು ಸೇತುವೆ ಉಳಿದರೆ ಉಳಿಯಲಿ. ಇನ್ನೊಂದು ದಿನಕ್ಕೆ ನೆಪ ಬೇಕಲ್ವಾ? ಮಣ್ಣನ್ನು ಚೀಲಕ್ಕೆ ತುಂಬಿ ವಾಪಸ್ ತನ್ನಿ.

ಮನೆಗೆ ಬಂದ ಮೇಲೆ

ಪ್ರಬಂಧ ಬರೆಸಬೇಡಿ. ನೋಟ್‌ಬುಕ್ಕಿನ ಗೂಡಿನ ಲೆಕ್ಕ, ಹೆಜ್ಜೆಯ ಅಳತೆ, ಥರ್ಮಾಮೀಟರಿನ ಅಂಕಿ, ನಕ್ಷೆ, ಇವಕ್ಕೆ ದಿನಾಂಕ ಹಾಕಿ ಫೈಲಿನಲ್ಲಿಡಿ. ವರ್ಷದ ಕೊನೆಗೆ ಮಗು ಏನು ಕಲಿತಿತು ಎಂದು ಅಜ್ಜ ಅಜ್ಜಿ ಕೇಳಿದಾಗ ತೋರಿಸಲು ಇದು ಬೇಕಾಗುತ್ತದೆ.

ಜುಲೈ, ಆಗಸ್ಟ್ ಬಂದಾಗ ಆ ಫೈಲು ಮತ್ತೆ ತೆಗೆಯಿರಿ. ಕೆಆರ್‌ಎಸ್ ಮಟ್ಟ ದಿನಾ ಪೇಪರಿನಲ್ಲಿ ಬರುತ್ತದೆ. ತುಂಬಿದ ಮಟ್ಟ 124.80 ಅಡಿ. ಹೊರಹರಿವಿನ ಅಂಕಿಯನ್ನು ಮಕ್ಕಳು ಗೋಡೆಯ ಚಾರ್ಟಿನಲ್ಲಿ ಬರೆಯಲಿ. ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ ಸುಮಾರು 28.3 ಲೀಟರ್. ಹತ್ತು ಸಾವಿರ ಕ್ಯೂಸೆಕ್ ಬಿಟ್ಟರೆ, ಮನೆ ಮೇಲಿನ 1,000 ಲೀಟರಿನ ಟ್ಯಾಂಕು ಸೆಕೆಂಡಿಗೆ 283 ತುಂಬುತ್ತವೆ. ಆ ಹೊತ್ತಿಗೆ ರಂಗನತಿಟ್ಟಿನ ಆ ಮರದ ಯಾವ ಕೊಂಬೆಯವರೆಗೆ ನೀರು ಬಂದಿರಬಹುದು ಎಂದು ಮೊದಲು ಊಹಿಸಿ ಬರೆಯಲಿ, ಆಮೇಲೆ ಪ್ರವಾಹದ ಫೋಟೊ ಬಂದಾಗ ಹೋಲಿಸಿ ನೋಡಲಿ.