ಒಂದು ದಿನ ಹಿಂದೆ ಸರಿಯುತ್ತಿದ್ದ ಅರ್ಜಿಗಳು

ಕಲಬುರಗಿಯ ತೊಗರಿ ಬೆಳೆಗಾರರಿಗಾಗಿ ನಾನು ರೂಪಿಸಿದ್ದ ಆನ್‌ಲೈನ್ ಅರ್ಜಿಗಳನ್ನು ಎಪಿಐ (ಒಂದು ತಂತ್ರಾಂಶ ಇನ್ನೊಂದರಿಂದ ಮಾಹಿತಿ ಪಡೆಯುವ ವ್ಯವಸ್ಥೆ) ಮೂಲಕ ದಿನವಾರು ಪಡೆಯುವಾಗ, ರೈತರು ಹೊಲಕ್ಕೆ ಹೊರಡುವ ಮುನ್ನ ನಸುಕಿನಲ್ಲೇ ತುಂಬಿದ ಅರ್ಜಿಗಳು ಹಿಂದಿನ ದಿನದ ಪಟ್ಟಿಗೆ ಸೇರುತ್ತಿದ್ದವು. ಸರದಿಯಂತೆ ಬೀಜ ಹಂಚುವ ಕೆಲಸದಲ್ಲಿ ಇದು ಸಣ್ಣ ತಪ್ಪಲ್ಲ. ನಮೂನೆಯಲ್ಲೇ ದೋಷವಿದೆಯೆಂದು ಎರಡು ದಿನ ಹುಡುಕಿದೆ. ಅಲ್ಲಿ ಏನೂ ಇರಲಿಲ್ಲ. ಕೊನೆಗೆ ಎಪಿಐ ನೀಡುವ ಸಮಯದ ತುದಿಯಲ್ಲಿದ್ದ ‘ಝಡ್’ ಅಕ್ಷರವನ್ನು ಗಮನಿಸಿದಾಗ, ಅದು ಯುಟಿಸಿ, ಅಂದರೆ ಜಗತ್ತಿನ ಗಡಿಯಾರಗಳಿಗೆ ಆಧಾರವಾದ ಪ್ರಮಾಣಿತ ಸಮಯವೆಂದೂ, ನಮ್ಮ ಗಡಿಯಾರ ಅದಕ್ಕಿಂತ 5 ಗಂಟೆ 30 ನಿಮಿಷ ಮುಂದಿರುವುದರಿಂದ ಬೆಳಗಿನ 5.30ಕ್ಕೆ ಮೊದಲು ಬಂದುದೆಲ್ಲ ಹಿಂದಿನ ದಿನಾಂಕಕ್ಕೆ ಜಾರುತ್ತಿದೆಯೆಂದೂ ಸ್ಪಷ್ಟವಾಯಿತು. ಸಂಗ್ರಹದಲ್ಲಿ ಯುಟಿಸಿಯನ್ನೇ ಉಳಿಸಿಕೊಂಡು, ಪ್ರತಿ ದಿನದ ಶೋಧನೆಯನ್ನು ಹಿಂದಿನ ದಿನದ ಯುಟಿಸಿ 18.30ರಿಂದ (ನಮ್ಮ ನಡುರಾತ್ರಿ 12 ಗಂಟೆ) ಆರಂಭಿಸಿ ಅದೇ ದಿನದ 18.30ರ ಒಳಗೆ ಮುಗಿಯುವಂತೆ ಬದಲಿಸಿದೆ. ಹಳೆಯ ಪಟ್ಟಿಗಳನ್ನೂ ಹೀಗೆಯೇ ಮತ್ತೆ ಸಿದ್ಧಪಡಿಸಿದೆ.